ಅಂಕಣ ಮೂರು, ತೊಲೆ ನಾಲ್ಕು



ತೊಗರಿಯ ರಾಶಿ ಮುಗಿದು, ಹತ್ತಿಯ ಕಡೆಯ ಬಿಡಿಸುವಿಕೆಯೂ ಆಗಿ, ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗೃಹಸ್ಥರ ಮನಸ್ಸು ಎರಡು ಕಾರ್ಯಗಳ ಕಡೆಗೆ ತಿರುಗುತ್ತದೆ. ಒಂದು ಮಕ್ಕಳ ಮದುವೆ, ಇನ್ನೊಂದು ಮನೆಯ ಕೆಲಸ. ಮದುವೆಗೆ ಅಕ್ಕಿ ಬೇಳೆ ಎಷ್ಟು ಬೇಕೆಂಬುದನ್ನು ಲೆಕ್ಕ ಹಾಕಿಕೊಡಲು ಪ್ರತಿ ಓಣಿಯಲ್ಲಿಯೂ ಒಬ್ಬರು ಹಿರಿಯರಿರುತ್ತಾರೆ. ಹಿತ್ತಲಿನಲ್ಲಿ ಮೂರಂಕಣದ ಒಂದು ಪಡಸಾಲೆ ಹಾಕಬೇಕೆಂದರೆ ಕಟ್ಟಿಗೆ ಎಷ್ಟು ತರಬೇಕೆಂಬುದನ್ನು ಹೇಳಿಕೊಡುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಿಮೆಂಟಿನ ಚಾವಣಿ ಬಂದ ಮೇಲೆ ಆ ವಿದ್ಯೆಯನ್ನು ಬಲ್ಲ ಬಡಗಿಗಳ ಮಕ್ಕಳು ಬಾಗಿಲು, ಕಿಟಕಿ, ಕಪಾಟುಗಳ ಕೆಲಸಕ್ಕೆ ಹೊರಳಿದ್ದಾರೆ. ಆದರೂ ಮಾಳಿಗೆಯ ತಂಪನ್ನು ಬಲ್ಲವರು, ಹಳೆಯ ಮನೆಯ ಬೆನ್ನಿಗೆ ಹೊಂದುವಂತೆ ಕಟ್ಟಬೇಕೆನ್ನುವವರು, ಅಜ್ಜನ ಕಾಲದ ಕಟ್ಟಿಗೆಯನ್ನು ಬಿಡಲಾರದವರು ಇನ್ನೂ ಇದ್ದಾರೆ. ಅಂಥವರು ನಮ್ಮ ಬಳಿ ಬಂದು, "ಶಾಸ್ತ್ರಿಗಳೇ, ಎಷ್ಟು ಘನ ಅಡಿ ತರಬೇಕ್ರಿ?" ಎಂದು ಕೇಳುತ್ತಾರೆ.

ಶಾಸ್ತ್ರ ಓದಿದವರಿಗೆ ಕಟ್ಟಿಗೆಯ ಗೊಡವೆ ಏಕೆಂದು ಓದುಗರು ನಗಬಾರದು. ನಾವು ಬೆಳೆದ ಮಠದಲ್ಲಿ ಬೆಳಿಗ್ಗೆ ವ್ಯಾಕರಣ, ಮಧ್ಯಾಹ್ನ ಉಗ್ರಾಣದ ಲೆಕ್ಕ. ದಾಸೋಹದ ಮನೆಯ ಮಾಳಿಗೆಯನ್ನು ಬಿಚ್ಚಿ ಕಟ್ಟಿದ ವರ್ಷ ತೊಲೆ, ಜಂತೆಗಳ ಯಾದಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಹಿರಿಯ ಬಡಗಿಯವರು ಗಜಕೋಲು ಹಿಡಿದು ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಅವರು ಅಕ್ಷರ ಕಲಿತವರಲ್ಲ. ಯಾದಿಯಲ್ಲಿ ಒಂದು ಜಂತೆ ತಪ್ಪಿದರೂ ತಟ್ಟನೆ ಹೇಳಿಬಿಡುತ್ತಿದ್ದರು. 12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಇದೇ ಕಾಯಕದವರು. ಬಡಗಿಯ ಬಾಚಿಯೇ ಅವರ ಹೆಸರಿಗೆ ಅಂಟಿಕೊಂಡು ಬಂದಿದೆ.

ಈಗ ವಿಷಯಕ್ಕೆ ಬರೋಣ. "ಎಷ್ಟು ಘನ ಅಡಿ?" ಎಂಬ ಪ್ರಶ್ನೆಯೇ ಕೊನೆಗೆ ಕೇಳಬೇಕಾದ ಪ್ರಶ್ನೆ. ಘನ ಅಡಿ ಎಂಬುದು ಮಾರುವವನ ಭಾಷೆ. ಕಟ್ಟುವವನ ಭಾಷೆಯಲ್ಲಿ ಎಷ್ಟು ತೊಲೆ, ಎಷ್ಟು ಜಂತೆ, ಎಷ್ಟು ಕಂಬ, ಒಂದೊಂದೂ ಎಷ್ಟು ಉದ್ದ ಎಂದು ಕೇಳಬೇಕು. ನಮ್ಮ ಹಿರಿಯರು ಮನೆಯನ್ನು ಚದರದಲ್ಲಿ ಅಳೆಯದೆ ಅಂಕಣದಲ್ಲಿ ಅಳೆದದ್ದು ಈ ಕಾರಣದಿಂದಲೇ ಎಂದು ನಮ್ಮ ಅಭಿಪ್ರಾಯ. ಒಂದು ತೊಲೆಯಿಂದ ಮುಂದಿನ ತೊಲೆಯವರೆಗಿನ ಜಾಗ ಒಂದು ಅಂಕಣ. ಕೆಲವು ಊರುಗಳಲ್ಲಿ ಇದನ್ನೇ ಖಣ ಎನ್ನುತ್ತಾರೆ. ಐದಂಕಣದ ಮನೆ ಎಂದ ಮಾತ್ರಕ್ಕೆ ಬಡಗಿಗೆ ಮರದ ಲೆಕ್ಕ ಅರ್ಧ ಮುಗಿಯಿತು. (ನಾವು ತಿಂಗಳು ತಿಂಗಳು ಬರೆಯುವ ಈ ಬರಹಕ್ಕೂ ಅಂಕಣವೆಂದೇ ಹೆಸರು. ಇದರ ಆಚೆ ಈಚೆ ತೊಲೆಗಳಿವೆಯೋ ಇಲ್ಲವೋ ಸಂಪಾದಕರೇ ಬಲ್ಲರು.)

ಒಂದು ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ಹಿತ್ತಲ ಗೋಡೆಗೆ ಹೊಂದಿಸಿ ಉದ್ದ 24 ಅಡಿ, ಅಗಲ 10 ಅಡಿಯ ಪಡಸಾಲೆ. ಹಿಂದೆ ಮನೆಯ ಗೋಡೆ, ಮುಂದೆ ಕಂಬಗಳು, ಎಡಬಲಕ್ಕೆ ತೆರವು. ಎಂಟೆಂಟು ಅಡಿಯ ಮೂರು ಅಂಕಣ. ಗೋಡೆಯಿಂದ ಕಂಬಕ್ಕೆ ತೊಲೆ, ತೊಲೆಯಿಂದ ತೊಲೆಗೆ ಜಂತೆ, ಜಂತೆಯ ಮೇಲೆ ಹಲಗೆಯೋ ಫರಸಿಯೋ, ಅದರ ಮೇಲೆ ಮಣ್ಣು.

ಅಂಕಣ ಮೂರಾದರೆ ತೊಲೆ ಎಷ್ಟು? ಹತ್ತು ಜನರನ್ನು ಕೇಳಿದರೆ ಏಳು ಜನ ಮೂರು ಎನ್ನುತ್ತಾರೆ. ನಾಲ್ಕು ಬೇಕು. ಕೈಯ ಐದು ಬೆರಳುಗಳ ನಡುವೆ ಸಂದು ನಾಲ್ಕು ಇರುವಂತೆ, ಅಂಕಣಕ್ಕಿಂತ ತೊಲೆ ಒಂದು ಹೆಚ್ಚು. ಪಕ್ಕಗಳಲ್ಲಿ ಭಾರ ಹೊರುವ ಗೋಡೆಗಳಿದ್ದರೆ ಕಡೆಯ ಎರಡು ತೊಲೆಗಳು ಉಳಿಯುತ್ತವೆ, ಎರಡೇ ಸಾಕು. ಆದುದರಿಂದ ಗೋಡೆ ಎಲ್ಲಿದೆ ಎಂಬುದನ್ನು ನೋಡದೆ ತೊಲೆಯ ಸಂಖ್ಯೆ ಹೇಳುವವರನ್ನು ನಂಬಬಾರದು. ತೊಲೆ ನಾಲ್ಕಾದರೆ ಕಂಬ ನಾಲ್ಕು, ಬೋದಿಗೆ ನಾಲ್ಕು.

ಜಂತೆಯಲ್ಲಿಯೂ ಇದೇ ಸೂಕ್ಷ್ಮ. ಒಂದೂವರೆ ಅಡಿಗೊಂದು ಜಂತೆ ಎಂದು ಇಟ್ಟುಕೊಂಡರೆ 10 ಅಡಿಗೆ ಆರೂ ಮುಕ್ಕಾಲಿಗೆ ತುಸು ಕಡಿಮೆ ಸಂದು ಬರುತ್ತದೆ. ಮುಕ್ಕಾಲು ಸಂದೆಂಬುದು ಇಲ್ಲ, ಏಳು ಸಂದು ಮಾಡಬೇಕು. ಏಳು ಸಂದಿಗೆ ಎಂಟು ಜಂತೆ. ಕಂಬದಿಂದಾಚೆ ಚಾಚಿದ ತೊಲೆಯ ತುದಿಗೆ ಇನ್ನೊಂದು. ಅಂಕಣಕ್ಕೆ ಒಂಬತ್ತರಂತೆ ಮೂರು ಅಂಕಣಕ್ಕೆ 27.

ಇನ್ನು ಉದ್ದ. ಇಲ್ಲಿಯೇ ಹೆಚ್ಚಿನ ಗೃಹಸ್ಥರು ಸಿಕ್ಕಿಬೀಳುವುದು. ಪಡಸಾಲೆಯ ಅಗಲ 10 ಅಡಿಯೆಂದು 10 ಅಡಿಯ ತೊಲೆ ತರುತ್ತಾರೆ. ತೊಲೆ ಗೋಡೆಯೊಳಗೆ ಒಂದು ಅಡಿ ಕೂರಬೇಕು, ಮುಂದೆ ಕಂಬವನ್ನು ದಾಟಿ ಒಂದೂವರೆ ಅಡಿ ಚಾಚಬೇಕು. ಇಲ್ಲವಾದರೆ ಮಳೆಯ ನೀರು ಕಂಬದ ಬುಡಕ್ಕೇ ಸುರಿಯುತ್ತದೆ. ಹತ್ತು ಅಡಿಯ ಪಡಸಾಲೆಗೆ ಹನ್ನೆರಡೂವರೆ ಅಡಿಯ ತೊಲೆ. ಹಾಗೆಯೇ ಎಂಟು ಅಡಿಯ ಅಂಕಣದ ಜಂತೆ ಎಂಟೂವರೆ ಅಡಿ ಇರಬೇಕು, ಏಕೆಂದರೆ ಒಂದು ಅಂಕಣದ ಜಂತೆಯೂ ಪಕ್ಕದ ಅಂಕಣದ ಜಂತೆಯೂ ತೊಲೆಯ ಮೇಲೆ ಪರಸ್ಪರ ಮಗ್ಗುಲಿಗೆ ಮಗ್ಗುಲು ಕೂರುತ್ತವೆ. ಎದುರುಬದುರಾಗಿ ತುದಿಗೆ ತುದಿ ತಾಗಿಸಿದರೆ ಮೂರು ಅಂಗುಲದ ಆಸರೆ ಮಾತ್ರ ದೊರೆತು, ಮರ ಒಣಗಿ ಸೇದಿದಾಗ ಅದೂ ಕಡಿಮೆಯಾಗುತ್ತದೆ.

ಈಗ ಘನ ಅಡಿಯ ಮಾತು. ಅಗಲವನ್ನೂ ದಪ್ಪವನ್ನೂ ಅಂಗುಲದಲ್ಲಿ ಗುಣಿಸಿ, 144ರಿಂದ ಭಾಗಿಸಿ, ಉದ್ದದ ಅಡಿಯಿಂದ ಗುಣಿಸಿದರೆ ಘನ ಅಡಿ. 6 ಅಂಗುಲ ಅಗಲ, 8 ಅಂಗುಲ ಎತ್ತರದ ತೊಲೆ ಹನ್ನೆರಡೂವರೆ ಅಡಿಗೆ ನಾಲ್ಕು ಘನ ಅಡಿಗೆ ಸ್ವಲ್ಪ ಮೇಲೆ, ನಾಲ್ಕು ತೊಲೆಗೆ 16.67. 3 ಅಂಗುಲಕ್ಕೆ 5 ಅಂಗುಲದ 27 ಜಂತೆಗಳಿಗೆ 23.9. ಆರಾರು ಅಂಗುಲದ, ಎಂಟು ಅಡಿಯ ನಾಲ್ಕು ಕಂಬಗಳಿಗೆ 8. ಮೂರು ಅಡಿಯ ನಾಲ್ಕು ಬೋದಿಗೆಗಳಿಗೆ 3. ಒಟ್ಟು ಐವತ್ತೊಂದೂವರೆ. ಇದೇ ಪಡಸಾಲೆಯನ್ನು ಮೂರು ತೊಲೆ, ಮೂರು ಕಂಬ, ಮೂರು ಬೋದಿಗೆ, ಅಂಕಣಕ್ಕೆ ಏಳೇ ಜಂತೆ ಎಂದು ಎಣಿಸಿ, ಉದ್ದವನ್ನೂ ಬರಿಯ ಹತ್ತು ಎಂಟು ಎಂದು ಹಿಡಿದವರಿಗೆ ಬರುವ ಲೆಕ್ಕ 35.75. ಸುಮಾರು 16 ಘನ ಅಡಿ ಕಡಿಮೆ. ದುಂದಿಲ್ಲ, ಕಳವಿಲ್ಲ, ಯಾರ ಮೋಸವೂ ಇಲ್ಲ. ಬರಿಯ ಎಣಿಕೆಯಲ್ಲಿಯೇ ಮೂರರಲ್ಲಿ ಒಂದು ಪಾಲಿನಷ್ಟು ಮರ ಮಾಯವಾಯಿತು.

ಮಾಯವಾದ ಆ ಮರ ವೈಶಾಖ ಮಾಸದಲ್ಲಿ ಕಾಣಿಸಿಕೊಳ್ಳುತ್ತದೆ. ಮೃಗಶಿರ ಮಳೆಗೆ ಮುಂಚೆ ಮಾಳಿಗೆ ಮುಚ್ಚಬೇಕು, ಗೋಡೆ ನಿಂತಿದೆ, ಕೂಲಿಯವರು ಕುಳಿತಿದ್ದಾರೆ, ಕೈಯಲ್ಲಿದ್ದ ಹಣ ಮುಗಿದಿದೆ. ಆಗ ಎರಡು ದಾರಿ. ಒಂದು, ಬಿತ್ತನೆ ಬೀಜಕ್ಕೆಂದು ತೆಗೆದಿಟ್ಟ ಹಣಕ್ಕೆ ಕೈ ಹಾಕುವುದು ಅಥವಾ ಬಡ್ಡಿಗೆ ತರುವುದು. ಇನ್ನೊಂದು, ಇದ್ದ ಮರದಲ್ಲಿಯೇ ಸರಿಮಾಡುವುದು. ಈ ಎರಡನೆಯ ದಾರಿ ಮೊದಲನೆಯದಕ್ಕಿಂತ ಭಯಂಕರವಾದುದು. ಅದನ್ನು ಸ್ವಲ್ಪ ವಿವರಿಸಲೇಬೇಕು.

ಮಾಳಿಗೆಯ ಮೇಲೆ ಒಂಬತ್ತು ಅಂಗುಲ ಮಣ್ಣು ಹಾಕುತ್ತೇವೆಂದರೆ ಒಂದು ಚದರ ಅಡಿಗೆ ಸುಮಾರು 34 ಕಿಲೋ ಭಾರ. 8 ಅಡಿಗೆ 10 ಅಡಿಯ ಒಂದು ಅಂಕಣದ ಮೇಲೆ 2,720 ಕಿಲೋ. ಕ್ವಿಂಟಾಲಿನ ಚೀಲದಂತೆ ಎಣಿಸಿದರೆ 27 ಚೀಲ ತೊಗರಿಯನ್ನು ತಲೆಯ ಮೇಲೆ ಒಟ್ಟಿಕೊಂಡು ನಾವು ಕೆಳಗೆ ಮಲಗುತ್ತೇವೆ. ಜಡಿಮಳೆಯಲ್ಲಿ ಮಣ್ಣು ನೀರು ಕುಡಿದರೆ ಅದೇ 33 ಚೀಲ ಮೀರುತ್ತದೆ. ನಡುವಿನ ಪ್ರತಿಯೊಂದು ತೊಲೆಯೂ ಎಡದ ಅಂಕಣದ ಅರ್ಧ, ಬಲದ ಅಂಕಣದ ಅರ್ಧ, ಒಟ್ಟು ಒಂದು ಪೂರ್ಣ ಅಂಕಣದ ಭಾರವನ್ನು ಹೊರುತ್ತದೆ. ಮರ ಸಾಲದೆಂದು 6ಕ್ಕೆ 8ರ ತೊಲೆಯ ಬದಲು 6ಕ್ಕೆ 6ರ ತೊಲೆ ಹಾಕಿದರೆ ಏನಾಯಿತು? ಮರ ನಾಲ್ಕರಲ್ಲಿ ಒಂದು ಪಾಲು ಉಳಿಯಿತು. ತೊಲೆಯ ಬಲವು ಅಗಲದಂತೆ ಒಂದು ಪಟ್ಟು ಬೆಳೆದರೆ ಎತ್ತರದಂತೆ ವರ್ಗವಾಗಿ ಬೆಳೆಯುವುದರಿಂದ, 64 ಇದ್ದ ಬಲ 36ಕ್ಕೆ ಇಳಿಯಿತು. ಕಾಲು ಪಾಲು ಮರ ಉಳಿಸಲು ಹೋಗಿ ಅರ್ಧಕ್ಕೆ ಹತ್ತಿರ ಬಲವನ್ನು ಕಳೆದುಕೊಂಡಂತಾಯಿತು. ತೊಲೆಯನ್ನು ಅಡ್ಡ ಮಲಗಿಸದೆ ನೆಟ್ಟಗೆ, ಎಂಟು ಅಂಗುಲ ಎತ್ತರವಾಗುವಂತೆ ಕೂರಿಸಬೇಕೆಂದು ಹಿರಿಯ ಬಡಗಿಗಳು ಹಟ ಹಿಡಿಯುವುದೂ ಇದಕ್ಕೇ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದುದನ್ನು ಓದುಗರು ಮರೆತಿರಲಾರರು. ಅವೆಲ್ಲಕ್ಕೂ ತೊಲೆಯೇ ಕಾರಣವೆಂದು ನಾವು ಹೇಳುವುದಿಲ್ಲ, ಗೋಡೆಗಳೂ ಕರಗಿದವು. ಆದರೆ ನೆನೆದ ಮಾಳಿಗೆಯ ಭಾರವೆಂದರೇನೆಂಬುದು ಆ ವಾರದಲ್ಲಿ ತಿಳಿಯಿತು. ಮೇಲೆ ನಾವು ಹಿಡಿದ ಅಳತೆಗಳು ಒಳ್ಳೆಯ ಸಾಗುವಾನಿಗೆ ಹೊಂದುವಂಥವು. ಮರ ಬೇರೆಯಾದರೆ, ಅಂಕಣ ಅಗಲವಾದರೆ, ಅನುಭವವುಳ್ಳ ಬಡಗಿಯನ್ನೋ ಇಂಜಿನಿಯರರನ್ನೋ ಕೇಳಿಯೇ ಅಳತೆಯನ್ನು ನಿಶ್ಚಯಿಸಬೇಕು.

ಯಾದಿ ಕೈಯಲ್ಲಿ ಹಿಡಿದು ಅಡ್ಡೆಗೆ ಹೋದಾಗ ಎರಡನೆಯ ಲೆಕ್ಕ ಆರಂಭವಾಗುತ್ತದೆ. ನಮಗೆ ಬೇಕಾದ ಉದ್ದ ಎಂಟೂವರೆ ಅಡಿ. ಅಡ್ಡೆಯಲ್ಲಿ ಸಿಕ್ಕುವುದು ಒಂಬತ್ತು, ಹತ್ತು, ಹನ್ನೆರಡು ಅಡಿಯ ಮರ. ಒಂಬತ್ತು ಅಡಿಯದನ್ನು ತಂದರೆ 27 ಜಂತೆಗಳಲ್ಲಿ ವ್ಯರ್ಥವಾಗುವುದು ಒಂದೂವರೆ ಘನ ಅಡಿಯೊಳಗೆ. ಹತ್ತು ಅಡಿಯದಾದರೆ ನಾಲ್ಕಕ್ಕೂ ಮಿಕ್ಕಿ. ಹನ್ನೆರಡು ಅಡಿಯದಾದರೆ ಹತ್ತಿರಹತ್ತಿರ ಹತ್ತು ಘನ ಅಡಿ ತುಂಡುಗಳು ಉಳಿಯುತ್ತವೆ, ಎಂದರೆ ಜಂತೆಗೆ ಬೇಕಾದ ಮರದ ನೂರಕ್ಕೆ ನಲವತ್ತು ಪಾಲು! ದರ ಕಡಿಮೆಯೆಂದು ಹನ್ನೆರಡು ಅಡಿಯ ಮರವನ್ನು ಕೊಂಡವರು ಆ ಕಡಿಮೆಯ ದರವನ್ನು ಈ ನಲವತ್ತರೊಡನೆ ತೂಗಿ ನೋಡಲಿ. ಹದಿನೇಳೂವರೆ ಅಡಿಯ ಮರ ಸಿಕ್ಕರೆ ಒಂದರಲ್ಲಿ ಎರಡು ಜಂತೆ ಬಂದು, ಗರಗಸದ ಹಲ್ಲು ತಿನ್ನುವ ಪಾಲು ಕಳೆದು, ಐದಾರು ಅಂಗುಲ ಮಾತ್ರ ಉಳಿಯುತ್ತದೆ. ಅಂಥ ಉದ್ದದ, ಸೊಟ್ಟವಿಲ್ಲದ ಮರ ಸಿಕ್ಕುವುದು ಅಪರೂಪ, ಸಾಗಿಸುವುದೂ ಕಷ್ಟ.

ಕೊಯ್ದ ಮರದ ಬದಲು ದಿಮ್ಮಿಯನ್ನೇ ಕೊಳ್ಳುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ದಿಮ್ಮಿಯ ನಡುವಿನ ಸುತ್ತಳತೆಯನ್ನು ಹಿಡಿದು, ಅದನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿ, ಉದ್ದದಿಂದ ಗುಣಿಸುವುದು ಮರದ ವ್ಯಾಪಾರದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬ ಅಳತೆಗಾರನು 1736ರಲ್ಲಿ ಇದಕ್ಕೆ ಕೋಷ್ಟಕಗಳನ್ನು ಪ್ರಕಟಿಸಿದನು. ಆಂಗ್ಲರ ಕಾಲದಲ್ಲಿ ಅದು ನಮ್ಮ ದೇಶದಲ್ಲಿಯೂ ನೆಲೆಯೂರಿತು. ಈ ಲೆಕ್ಕವು ದುಂಡು ದಿಮ್ಮಿಯ ನಿಜವಾದ ಗಾತ್ರದಲ್ಲಿ ನೂರಕ್ಕೆ ಎಪ್ಪತ್ತೆಂಟೂವರೆಯನ್ನು ಮಾತ್ರ ಹಿಡಿಯುತ್ತದೆ. ಉಳಿದುದು ಕೊಯ್ಯುವಾಗ ಹೋಗುವ ಸಿಪ್ಪೆಗೆ ಬಿಟ್ಟ ಪಾಲು. ಆದುದರಿಂದ ಇನ್ನು ನಷ್ಟವಿಲ್ಲವೆಂದು ತಿಳಿದರೆ ತಪ್ಪಾದೀತು. 48 ಅಂಗುಲ ಸುತ್ತಳತೆಯ, ಹನ್ನೆರಡೂವರೆ ಅಡಿ ಉದ್ದದ ದಿಮ್ಮಿಗೆ ಈ ಲೆಕ್ಕದಲ್ಲಿ ಹನ್ನೆರಡೂವರೆ ಘನ ಅಡಿಯ ಬೆಲೆ ಕೊಡುತ್ತೇವೆ. ಅದರಿಂದ 6ಕ್ಕೆ 8ರ ತೊಲೆ ಎರಡು ಬರುತ್ತವೆ, ಎಂದರೆ ಎಂಟು ಘನ ಅಡಿ ಚಿಲ್ಲರೆ. ದಿಮ್ಮಿ ದುಂಡಾಗಿದ್ದು ಬೆನ್ನು ನೆಟ್ಟಗಿದ್ದರೆ ಆಚೆ ಈಚೆಯ ಬದಿಗಳಲ್ಲಿ ಒಂದೊಂದು ಜಂತೆ ಹೊರಟರೂ ಹೊರಟೀತು. ಆದರೆ ಅವು ಹೊರಮೈಯ ಬಿಳಿ ಪದರಿನವು. ಒಳಗಿನ ಚೇಗಿಗೆ ಇರುವ ಬಾಳಿಕೆ ಅವಕ್ಕಿಲ್ಲ, ಗೆದ್ದಲು ಮೊದಲು ಹುಡುಕಿಕೊಂಡು ಬರುವುದು ಅದನ್ನೇ. ನಾಲ್ಕು ತೊಲೆಗೆ ಇಂಥ ಎರಡು ದಿಮ್ಮಿ, 25 ಘನ ಅಡಿಯ ಬೆಲೆ. ಮೇಲೆ ಏರುವುದು 16.67. ವ್ಯಾಪಾರಿ ಮೋಸ ಮಾಡಿದನೆಂದು ಜಗಳಕ್ಕೆ ಹೋಗುವ ಮುನ್ನ ಇದನ್ನು ನೆನೆಯಬೇಕು. ಜಗಳಕ್ಕೆ ಯೋಗ್ಯವಾದ ಸ್ಥಳ ಬೇರೆ ಇದೆ: ಅಳತೆಪಟ್ಟಿ. ಪಟ್ಟಿ ಸಡಿಲವಾಗಿ 48ರ ಬದಲು 49 ತೋರಿದರೆ, ವರ್ಗವಾಗುವುದರಿಂದ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಏರುತ್ತದೆ, ದಿಮ್ಮಿಗೆ ಅರ್ಧ ಘನ ಅಡಿ. ಪಟ್ಟಿಯ ಒಂದು ತುದಿಯನ್ನು ಮನೆಯವರೇ ಹಿಡಿಯಲಿ.

ಕೊಯ್ಯುವ ಕೂಲಿ ಬೇರೆ. ಇದು ಮರದ ಗಾತ್ರದಂತಲ್ಲ, ಗರಗಸ ಓಡಿದ ಮುಖದ ವಿಸ್ತಾರದಂತೆ ಎಣಿಸಬೇಕಾದುದು. ಈ ವಿವೇಕ ನಮ್ಮ ನಾಡಿಗೆ ಹೊಸತಲ್ಲ. ನಮ್ಮಿಂದ ಬಹುದೂರವಿಲ್ಲದ, ಕಾಗಿಣಾ ತೀರದ ಮಳಖೇಡದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಆಳುತ್ತಿದ್ದ 9ನೆಯ ಶತಮಾನದಲ್ಲಿ, ಅವನ ಆಶ್ರಯದ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಗರಗಸದ ಕೆಲಸಕ್ಕೇ ಮೀಸಲಾದ ಗಣಿತವಿದೆ. ಮುನ್ನೂರು ವರ್ಷಗಳ ತರುವಾಯ, 1150ರಲ್ಲಿ, ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಅದು ಕ್ರಕಚ ವ್ಯವಹಾರವೆಂಬ ಹೆಸರಿನಿಂದ ಬಂದಿದೆ. ಕ್ರಕಚವೆಂದರೆ ಗರಗಸ. ಬುಡದ ದಪ್ಪ, ತುದಿಯ ದಪ್ಪಗಳ ಸರಾಸರಿಯನ್ನು ಉದ್ದದಿಂದ ಗುಣಿಸಿ, ಎಷ್ಟು ಸಲ ಗರಗಸ ಓಡಿತೋ ಅದರಿಂದ ಗುಣಿಸಿ, ಅಂಗುಲದ ಲೆಕ್ಕವನ್ನು ಹಸ್ತಕ್ಕೆ ತರಲು 576ರಿಂದ ಭಾಗಿಸುವುದು ಅಲ್ಲಿನ ಕ್ರಮ. ಒಂದು ಹಸ್ತಕ್ಕೆ 24 ಅಂಗುಲ, 24ರ ವರ್ಗ 576. ನಾವು ಮಠದಲ್ಲಿ ಇದನ್ನು ಸಂಸ್ಕೃತದಲ್ಲಿ ಕಲಿತೆವು. ಅದೇ ಲೆಕ್ಕವನ್ನು ಅಂಗಳದಲ್ಲಿ ಬಡಗಿಯವರು ಬೆರಳಿನಲ್ಲಿ ಮಾಡುತ್ತಿದ್ದರು.

ಕೆಲವರು ಇಷ್ಟೆಲ್ಲ ತಾಪತ್ರಯ ಬೇಡವೆಂದು, ಬಂದ ಲೆಕ್ಕದ ಮೇಲೆ ನೂರಕ್ಕೆ ಹತ್ತು ಹೆಚ್ಚು ತಂದರೆ ಸಾಕೆನ್ನುತ್ತಾರೆ. ಹಲಗೆಗೆ ಈ ಮಾತು ಒಪ್ಪುತ್ತದೆ, ತೊಲೆಗೆ ಒಪ್ಪುವುದಿಲ್ಲ. ನಾಲ್ಕು ತೊಲೆಯ ಹತ್ತನೆಯ ಒಂದು ಪಾಲೆಂದರೆ ಅರ್ಧ ತೊಲೆಯೂ ಆಗದು. ಅದನ್ನು ಯಾವ ಅಂಕಣಕ್ಕೆ ಏರಿಸುವುದು? ತೊಲೆಯನ್ನು ಒಂದೊಂದಾಗಿ ತಿರುವಿ ನೋಡಿ, ಗಂಟು ಬಿರುಕು ಇಲ್ಲದ ನಾಲ್ಕನ್ನೇ ಆರಿಸಿ ತರಬೇಕು. ಜಂತೆಯನ್ನು ಮಾತ್ರ ಎರಡು ಹೆಚ್ಚು ತರಬಹುದು.

ಹಲಗೆಯ ಮಾತು ಬಂದುದರಿಂದ ಇನ್ನೊಂದು. ನಮ್ಮ ಭಾಗದ ಮಕ್ಕಳು ಈಗ ಅಮೆರಿಕದಲ್ಲಿಯೂ ಮನೆ ಮಾಡಿದ್ದಾರೆ. ಅಲ್ಲಿ ಮನೆಯ ಹಿಂಬದಿಗೆ ನೆಲದಿಂದ ತುಸು ಎತ್ತರದಲ್ಲಿ, ಮೇಲೆ ಮಾಡಿಲ್ಲದ ಒಂದು ಹಲಗೆಯ ಜಗಲಿ ಕಟ್ಟುವ ರೂಢಿ. ಡೆಕ್ ಎನ್ನುತ್ತಾರೆ. ಅದಕ್ಕೂ ಇದೇ ಎಣಿಕೆ. 16 ಅಡಿ ಉದ್ದ, 12 ಅಡಿ ಅಗಲದ ಜಗಲಿಗೆ 16 ಅಂಗುಲಕ್ಕೊಂದು ಜಂತೆಯಂತೆ ಸಂದು ಹನ್ನೆರಡು, ಜಂತೆ ಹದಿಮೂರು. ಅಲ್ಲಿ 6 ಅಂಗುಲದ್ದೆಂದು ಮಾರುವ ಹಲಗೆಯ ಮೈ ಇರುವುದು ಐದೂವರೆ ಅಂಗುಲ. ಹಾಗೆಯೇ 2ಕ್ಕೆ 4 ಎಂಬ ಮರ ಒಂದೂವರೆಗೆ ಮೂರೂವರೆ. ಹೆಸರಿನ ಅಳತೆ ಬೇರೆ, ಒಣಗಿಸಿ ಉಜ್ಜುವ ಮೇಲಿನ ಮೈ ಅಳತೆ ಬೇರೆ. 12 ಅಡಿಯನ್ನು 6 ಅಂಗುಲದಿಂದ ಭಾಗಿಸಿ 24 ಹಲಗೆ ತಂದವನಿಗೆ, ಹಲಗೆಗಳ ನಡುವೆ ನೀರಿಳಿಯಲು ಅಂಗುಲದ ಎಂಟನೆಯ ಒಂದು ಪಾಲು ಸಂದು ಬಿಟ್ಟರೂ ಎರಡು ಹಲಗೆ ಸಾಲದೆ ಬರುತ್ತದೆ, ಬೇಕಾದುದು 26. ಅವರು ಹತ್ತನೆಯ ಒಂದು ಪಾಲು ಹೆಚ್ಚು ತರುವುದು ಇಂಥ ಹಲಗೆಗೆ, ಸೀಳು ಹೋದದ್ದನ್ನು ಬದಲಿಸಲಿಕ್ಕೆ. ನಮ್ಮ ಬಿಸಿಲಿಗೂ ಗೆದ್ದಲಿಗೂ ಆ ಬಗೆಯ ತೆರೆದ ಹಲಗೆಯ ಜಗಲಿ ಬಾಳದು. ನಮಗೆ ಕಲ್ಲಿನ ಕಟ್ಟೆಯೇ ಸರಿ.

ಕಲ್ಲಿನ ಮಾತು ಬಂತು. ನಮ್ಮ ಸೀಮೆ ಮರಕ್ಕೆ ಬಡವಾದರೂ ಕಲ್ಲಿಗೆ ಶ್ರೀಮಂತ. ಶಹಾಪುರದ ಬೆಟ್ಟಗಳನ್ನು ಕಣ್ಣೆದುರು ಇಟ್ಟುಕೊಂಡು ಮರದ ಕಂಬಕ್ಕೆ ಹಣ ಚೆಲ್ಲುವುದೇಕೆ? ಕಲ್ಲುಗಂಬ ನಿಲ್ಲಿಸಿದರೆ ನಮ್ಮ ಯಾದಿಯಿಂದ 8 ಘನ ಅಡಿ ಒಮ್ಮೆಲೆ ಇಳಿಯುತ್ತದೆ, ಗೆದ್ದಲು ಏರುವ ದಾರಿಯೂ ಅರ್ಧ ಮುಚ್ಚುತ್ತದೆ. ಜಂತೆಯ ಮೇಲೆ ಹಲಗೆಯ ಬದಲು ಶಹಾಬಾದಿನ ಫರಸಿ ಹಾಸಿದರೆ ಹಲಗೆಯ ಖರ್ಚೇ ಇಲ್ಲ. ಆದರೆ ಕಲ್ಲಿನ ಭಾರವನ್ನು ಮಣ್ಣಿನ ಭಾರಕ್ಕೆ ಕೂಡಿಸಿ ಮಣ್ಣನ್ನು ಕಡಿಮೆ ಮಾಡಬೇಕು. ಹೊಲದ ಬದುವಿನ ಬೇವನ್ನು ಕಡಿದು ಜಂತೆ ಮಾಡೋಣವೆನ್ನುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಮರೆಯದೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಲಿ.

ಹಳೆಯ ಮನೆಗಳನ್ನು ಬಿಚ್ಚಿದ ಕಟ್ಟಿಗೆ ಈಗ ಹೇರಳವಾಗಿ ಮಾರಾಟಕ್ಕೆ ಬರುತ್ತಿದೆ. ಅದು ಒಳ್ಳೆಯ ಮರ, ಸೇದುವಷ್ಟು ಸೇದಿ ಮುಗಿದ ಮರ. ಆದರೆ ಗೋಡೆಯೊಳಗಿದ್ದ ತುದಿಯನ್ನು ಬಾಚಿಯಿಂದ ಕೆತ್ತಿ ನೋಡದೆ ಕೊಳ್ಳಬಾರದು. ಒಂದು ಅಡಿ, ಒಂದೂವರೆ ಅಡಿ ಪುಡಿಯಾಗಿರುತ್ತದೆ. ಹನ್ನೆರಡೂವರೆ ಅಡಿಯ ಹಳೆಯ ತೊಲೆ ಹನ್ನೊಂದಕ್ಕೆ ಇಳಿಯಿತೆಂದರೆ ಹತ್ತು ಅಡಿಯ ಪಡಸಾಲೆಗೆ ಅದು ಬಾರದು. ಆಗ ಪಡಸಾಲೆಯನ್ನೇ ಎಂಟೂವರೆ ಅಡಿಗೆ ಇಳಿಸುವುದು ಜಾಣತನ. ಮರವನ್ನು ಕೊಂಡು ಪಾಯ ತೋಡುವುದು, ಪಾಯ ತೋಡಿ ಮರ ಹುಡುಕುವುದಕ್ಕಿಂತ ಮೇಲು.

ಹಳೆಯ ಮನೆಯ ಕಟ್ಟಿಗೆಯೆಂದರೆ ನಮಗೆ ಶಹಾಪುರದ ಕಡೆಯ ಒಂದು ಹಳ್ಳಿಯ ಅಣ್ಣತಮ್ಮಂದಿರು ನೆನಪಿಗೆ ಬರುತ್ತಾರೆ. ನಾಲ್ಕಂಕಣದ ಮಾಳಿಗೆ ಮನೆ. ಪಾಲಾದಾಗ ಪಂಚರು ಎರಡೆರಡು ಅಂಕಣ, ಕಟ್ಟಿಗೆ ಸಮಸಮ ಎಂದು ಬರೆಸಿದ್ದರು. ತಮ್ಮನು ಊರ ಹೊರಗಿನ ಜಾಗದಲ್ಲಿ ಮನೆ ಕಟ್ಟಲು ತನ್ನ ಎರಡಂಕಣವನ್ನು ಬಿಚ್ಚಿಕೊಂಡು ಹೋಗುತ್ತೇನೆಂದನು. ನಡುವಿನ ತೊಲೆಯನ್ನು ಮುಟ್ಟಿದರೆ ನನ್ನ ಮಾಳಿಗೆ ಬೀಳುತ್ತದೆ ಎಂದು ಅಣ್ಣನು ಅಡ್ಡ ನಿಂತನು. ಇಬ್ಬರ ಮಾತೂ ಸರಿಯಾಗಿತ್ತು. ಅದರಿಂದಲೇ ಜಗಳ ಬಗೆಹರಿಯದೆ ವರ್ಷ ಕಳೆಯಿತು. ವೃದ್ಧೆಯಾದ ತಾಯಿ ಒಬ್ಬನ ಮನೆಯಲ್ಲಿ ಉಂಡು ಇನ್ನೊಬ್ಬನ ಮನೆಯಲ್ಲಿ ಮಲಗುತ್ತಿದ್ದರು. ಪುರಾಣದ ನಿಮಿತ್ತ ನಾವು ಆ ಊರಿಗೆ ಹೋದಾಗ ಈ ವ್ಯಾಜ್ಯ ನಮ್ಮ ಮುಂದೆ ಬಂತು.

ನಾವು ಯಾವ ನೀತಿಯನ್ನೂ ಹೇಳಲಿಲ್ಲ. ಬಡಗಿಯನ್ನು ಕರೆಯಿಸಿ ಎಣಿಸಲು ಹೇಳಿದೆವು. ಜಂತೆಯಲ್ಲಿ ತೊಡಕಿರಲಿಲ್ಲ: ಪ್ರತಿ ಅಂಕಣಕ್ಕೂ ತನ್ನ ಜಂತೆಗಳು ಬೇರೆಯೇ ಇದ್ದವು, ಅರ್ಧರ್ಧ ಆಗುತ್ತಿತ್ತು. ತೊಲೆ ಮಾತ್ರ ಐದು. ಒಂದೇ ಮನೆಯಾಗಿರುವವರೆಗೆ ನಾಲ್ಕಂಕಣಕ್ಕೆ ಐದು ತೊಲೆ ಸಾಕು. ಎರಡೆರಡು ಅಂಕಣದ ಎರಡು ಮನೆಗಳಾದರೆ ಮೂರು ಮೂರು, ಒಟ್ಟು ಆರು. ಕಂಬ, ಬೋದಿಗೆಗಳೂ ಅಂತೆಯೇ. ಪಾಲುಪತ್ರ ಬರೆದವರು ಇದ್ದ ಐದನ್ನು ಎರಡರಿಂದ ಭಾಗಿಸಿದ್ದರೇ ಹೊರತು ಇಲ್ಲದ ಆರನೆಯದನ್ನು ಲೆಕ್ಕಕ್ಕೆ ತಂದಿರಲಿಲ್ಲ. ಬಡಗಿ ಇದನ್ನು ನೆಲದ ಮೇಲೆ ಗೆರೆ ಎಳೆದು ತೋರಿಸಿದಾಗ ಇಬ್ಬರೂ ಸುಮ್ಮನಾದರು. ತಾಯಿಯವರು ಬಾಗಿಲಲ್ಲಿ ಕುಳಿತಿದ್ದವರು, "ಮನಿ ಎರಡಾಗಾಕ ಕಟ್ಟಿಗಿ ಸುದ್ದಾ ಹೆಚ್ಚ ಬೇಕಾತು ನೋಡ್ರಿ" ಎಂದರು.

ನಡುವಿನ ತೊಲೆ ಇದ್ದಲ್ಲಿಯೇ ಇರಲಿ, ಅದು ಅಣ್ಣನದು. ತಮ್ಮನಿಗೆ ಹೊಸದಾಗಿ ಒಂದು ತೊಲೆ, ಒಂದು ಬೋದಿಗೆ, ಮರದ ಬದಲು ಒಂದು ಕಲ್ಲುಗಂಬ, ಬೆಲೆ ಇಬ್ಬರದೂ ಅರ್ಧರ್ಧ ಎಂದು ಅಲ್ಲಿಯೇ ಒಪ್ಪಂದವಾಯಿತು. ತೊಲೆ ಹನ್ನೆರಡೂವರೆ ಅಡಿ, 6ಕ್ಕೆ 8, ಎಂದು ನಾವೇ ಚೀಟಿ ಬರೆದುಕೊಟ್ಟೆವು. ಅಡ್ಡೆಗೆ ಅಣ್ಣತಮ್ಮಂದಿರಿಬ್ಬರೂ ಕೂಡಿಯೇ ಹೋದರು. ಅಳತೆಪಟ್ಟಿಯ ಎರಡು ತುದಿ ಹಿಡಿಯಲು ಹೇಗೂ ಇಬ್ಬರು ಬೇಕಾಗಿತ್ತು.